ರಂಗ ಪ್ರಶ್ನೋತ್ತರ: ನೀಲ್ ಸೈಮನ್ ನಾಟಕಗಳನ್ನು ಕನ್ನಡದಲ್ಲಿ ಆಡುವವರಿಗೆ

ಬೆಂಗಳೂರಿನ ಹವ್ಯಾಸಿ ತಂಡಗಳಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಹೆಚ್ಚಿನವು ಒಬ್ಬರೇ ನಾಟಕಕಾರರ, ಅಮೆರಿಕದ ನೀಲ್ ಸೈಮನ್ ಅವರ ಸುತ್ತ ಸುತ್ತಿವೆ. ಹಾಗಾಗಿ ಈ ಸಂಚಿಕೆಯ ಪೂರ್ತಿ ಜಾಗವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನೀಲ್ ಸೈಮನ್ ಎಂದರೆ ಜೋಕುಗಳನ್ನು ಪೋಣಿಸಿ ನಾಟಕ ಮಾಡಿದವರು ಎಂದು ನಮ್ಮ ತಂಡದ ಹಿರಿಯರು ಹೇಳುತ್ತಾರೆ. ಹೌದೇ? ಅವರ ಬದುಕಿನ ಬಗ್ಗೆಯೂ ಸ್ವಲ್ಪ ತಿಳಿಸಿ. — ಓದುಗರು, ಮಲ್ಲೇಶ್ವರ

ಉತ್ತರ: ಸೈಮನ್ ಹುಟ್ಟಿದ್ದು 1927ರ ಜುಲೈ 4ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಬೆಳೆದದ್ದು ಮ್ಯಾನ್‌ಹಟನ್ನಿನ ವಾಷಿಂಗ್ಟನ್ ಹೈಟ್ಸ್‌ನಲ್ಲಿ. ತಂದೆ ಬಟ್ಟೆ ವ್ಯಾಪಾರದಲ್ಲಿ ಸೇಲ್ಸ್‌ಮನ್. ಅವರು ಮನೆ ಬಿಟ್ಟು ಹೋಗುವುದು, ಸ್ವಲ್ಪ ದಿನಕ್ಕೆ ಮತ್ತೆ ಬರುವುದು, ಇದು ಹುಡುಗನ ಬಾಲ್ಯದುದ್ದಕ್ಕೂ ನಡೆಯಿತು. ಖರ್ಚು ತೂಗಿಸಲು ತಾಯಿ ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡರು, ಮಕ್ಕಳು ಕೆಲಕಾಲ ನೆಂಟರ ಮನೆಯಲ್ಲಿ ಇರಬೇಕಾಯಿತು. ಒಂದೇ ಸೂರಿನ ಕೆಳಗೆ ಹೊಂದಿಕೊಳ್ಳಲಾಗದ ಇಬ್ಬರು ಅವರ ನಾಟಕಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಅದರ ಬೇರು ಈ ಮನೆಯಲ್ಲೇ ಇದೆ.

ಬರವಣಿಗೆಗೆ ಎಳೆದದ್ದು ಎಂಟು ವರ್ಷ ದೊಡ್ಡವರಾದ ಅಣ್ಣ ಡ್ಯಾನಿ. ಅಣ್ಣ ತಮ್ಮ ಸೇರಿ ಮೊದಲು ರೇಡಿಯೋಗೆ, ಆಮೇಲೆ ಟೆಲಿವಿಷನ್‌ಗೆ ಹಾಸ್ಯ ಬರೆದರು. ಟಿವಿ ಹಾಸ್ಯನಟ ಸಿಡ್ ಸೀಸರ್ ಅವರ ಕಾರ್ಯಕ್ರಮಕ್ಕೆ ಬರೆಯುತ್ತಿದ್ದ ಕೋಣೆಯಲ್ಲಿ ಮೆಲ್ ಬ್ರೂಕ್ಸ್, ಕಾರ್ಲ್ ರೈನರ್ ಅಂಥವರಿದ್ದರು. ಆ ಕೋಣೆಯನ್ನೇ ಮುಂದೆ 1993ರಲ್ಲಿ 'ಲಾಫ್ಟರ್ ಆನ್ ದಿ 23ರ್ಡ್ ಫ್ಲೋರ್' ಎಂಬ ನಾಟಕ ಮಾಡಿದರು. ವಾರಕ್ಕೊಂದು ಕಂತು ಒಪ್ಪಿಸಬೇಕಾದ ಆ ಕೆಲಸ ಅವರಿಗೆ ವೇಗ ಕಲಿಸಿತು. ನಾಟಕ ಕಲಿಸಿದ್ದು ಅದಕ್ಕೆ ತದ್ವಿರುದ್ಧ: ತಾಳ್ಮೆ. ಮೊದಲ ನಾಟಕ 'ಕಮ್ ಬ್ಲೋ ಯುವರ್ ಹಾರ್ನ್' ಬರೆಯಲು ಮೂರು ವರ್ಷ ಹಿಡಿಯಿತು. ಇಪ್ಪತ್ತು ಸಲದಷ್ಟು ತಿದ್ದಿ ಬರೆದ ಮೇಲೆ 1961ರಲ್ಲಿ ಅದು ನ್ಯೂಯಾರ್ಕಿನ ದೊಡ್ಡ ವೃತ್ತಿರಂಗಭೂಮಿಯಾದ ಬ್ರಾಡ್‌ವೇ ಮುಟ್ಟಿತು.

ಅಲ್ಲಿಂದ ಮುಂದೆ ಓಟ. 1963ರಲ್ಲಿ 'ಬೇರ್‌ಫುಟ್ ಇನ್ ದಿ ಪಾರ್ಕ್' ಬಂದು 1530 ಪ್ರದರ್ಶನ ಕಂಡಿತು. 1965ರಲ್ಲಿ 'ದಿ ಆಡ್ ಕಪಲ್'. 1966ರ ಕೊನೆಯ ಹೊತ್ತಿಗೆ ಅವರ ನಾಲ್ಕು ಕೃತಿಗಳು ಬ್ರಾಡ್‌ವೇಯಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. 1973ರಲ್ಲಿ ಮೊದಲ ಪತ್ನಿ ಜೋನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದುಃಖ ಮತ್ತು ಮರುಮದುವೆಯ ತಳಮಳ 1977ರ 'ಚಾಪ್ಟರ್ ಟೂ'ದಲ್ಲಿದೆ. 1983ರಿಂದ 1986ರ ನಡುವೆ ತಮ್ಮದೇ ಬಾಲ್ಯ, ಸೈನ್ಯದ ದಿನಗಳು ಮತ್ತು ಬರವಣಿಗೆಯ ಆರಂಭದ ಮೇಲೆ ಮೂರು ನಾಟಕ ಬರೆದರು. 1991ರಲ್ಲಿ 'ಲಾಸ್ಟ್ ಇನ್ ಯಾಂಕರ್ಸ್'ಗೆ ಪುಲಿಟ್ಜರ್ ಪ್ರಶಸ್ತಿ ಬಂತು. ತೀರಿಕೊಂಡದ್ದು 2018ರ ಆಗಸ್ಟ್ 26ರಂದು, 91ನೇ ವಯಸ್ಸಿನಲ್ಲಿ.

ಇನ್ನು ಜೋಕಿನ ಮಾತು. ನಿಮ್ಮ ಹಿರಿಯರು ಒಂದು ಪರೀಕ್ಷೆ ಮಾಡಿ ನೋಡಲಿ. 'ಆಡ್ ಕಪಲ್'ನಿಂದ ಅತಿ ಹೆಚ್ಚು ನಗು ತರುವ ಐದು ಸಾಲುಗಳನ್ನು ಕಿತ್ತು, ನಾಟಕ ಓದದ ಒಬ್ಬರಿಗೆ ಓದಿ ಹೇಳಿ. ಮೂರಕ್ಕೆ ನಗು ಬರುವುದಿಲ್ಲ. ಯಾಕೆಂದರೆ ಆ ಸಾಲು ನಗಿಸುವುದು ಅದನ್ನು ಹೇಳುವವನ ಹಠದಿಂದ, ಆ ಹಠ ನಮಗೆ ಅರ್ಧ ಗಂಟೆಯಿಂದ ಗೊತ್ತಿರುವುದರಿಂದ. ಪದದ ಚಮತ್ಕಾರ ಅಲ್ಲಿ ಕಡಿಮೆ. ಕನ್ನಡಕ್ಕೆ ತರುವಾಗಲೂ ಇದೊಂದು ನೆನಪಿದ್ದರೆ ಸಾಕು: ಹೊತ್ತು ತರಬೇಕಾದ್ದು ಹಠವನ್ನು. ಜೋಕುಗಳು ಇಲ್ಲಿಯೇ ಹುಟ್ಟಿಕೊಳ್ಳುತ್ತವೆ.

ಪ್ರಶ್ನೆ: 'ದಿ ಆಡ್ ಕಪಲ್' ಅನ್ನು ಬೆಂಗಳೂರಿಗೆ ಒಗ್ಗಿಸಿ ಆಡಬೇಕೆಂದಿದ್ದೇವೆ. ಮೊದಲ ಓದಿನಲ್ಲಿ ಯಾರೂ ನಗಲಿಲ್ಲ. ಪೋಕರ್ ಬದಲು ರಮ್ಮಿ ಇಟ್ಟಿದ್ದೇವೆ, ಊಟ ತಿಂಡಿ ಎಲ್ಲ ಬದಲಿಸಿದ್ದೇವೆ. ಎಲ್ಲಿ ತಪ್ಪಾಗುತ್ತಿದೆ? — ನಾಟಕ ತಂಡದ ಸಂಚಾಲಕರು, ಹನುಮಂತನಗರ

ಉತ್ತರ: ಓದದವರಿಗಾಗಿ ಎರಡು ಮಾತು. ಹೆಂಡತಿಯಿಂದ ಬೇರೆಯಾದ ಕ್ರೀಡಾ ವರದಿಗಾರ ಆಸ್ಕರ್ ದೊಡ್ಡ ಮನೆಯಲ್ಲಿ ಒಬ್ಬನೇ, ಕಸದ ನಡುವೆ ಸುಖವಾಗಿದ್ದಾನೆ. ಹೆಂಡತಿ ಮನೆಯಿಂದ ಹೊರಹಾಕಿದ ಗೆಳೆಯ ಫೀಲಿಕ್ಸ್ ಅಲ್ಲಿಗೆ ಬಂದು ಸೇರುತ್ತಾನೆ. ಇವನಿಗೆ ಒಪ್ಪ ಓರಣದ ಹುಚ್ಚು. ಎರಡು ವಾರದಲ್ಲಿ ಇಬ್ಬರೂ ಗಂಡ ಹೆಂಡಿರಂತೆ ಕಚ್ಚಾಡತೊಡಗುತ್ತಾರೆ. ಈ ಎಳೆ ಬಂದದ್ದು ಅಣ್ಣ ಡ್ಯಾನಿಯ ಬದುಕಿನಿಂದ. ವಿಚ್ಛೇದನದ ನಂತರ ಅವರು ಅಂಥದ್ದೇ ಸ್ಥಿತಿಯ ಗೆಳೆಯನೊಂದಿಗೆ ಮನೆ ಹಂಚಿಕೊಂಡಿದ್ದರು. ಡ್ಯಾನಿಯೇ ಬರೆಯಲು ಹೊರಟು, ಮುಗಿಸಲಾಗದೆ ತಮ್ಮನಿಗೆ ಬಿಟ್ಟುಕೊಟ್ಟರು.

ನಿಮ್ಮ ಮೊದಲ ತೊಡಕು ರಮ್ಮಿಯಲ್ಲಿದೆ. ಹದಿಮೂರು ಎಲೆಯ ಆಟ. ನಾಟಕದಲ್ಲಿ ಮೇಜಿಗೆ ಕೂರುವ ಆರು ಗೆಳೆಯರಿಗೆ 78 ಎಲೆ ಬೇಕು, ಅಂದರೆ ಎರಡು ಕಟ್ಟು. ಹಂಚುವುದಕ್ಕೇ ಒಂದು ನಿಮಿಷ, ಜೋಡಿಸಿಕೊಳ್ಳುವುದಕ್ಕೆ ಇನ್ನೊಂದು. ಎಲ್ಲರೂ ತಲೆ ಬಗ್ಗಿಸಿ ಎಲೆ ನೋಡುತ್ತಿರುತ್ತಾರೆ, ಮುಖ ಪ್ರೇಕ್ಷಕರಿಗೆ ಕಾಣುವುದಿಲ್ಲ. ಪೋಕರ್‌ನಲ್ಲಿ ಸುತ್ತು ಚಿಕ್ಕದು, ಪ್ರತಿ ಸುತ್ತಿಗೂ ದುಡ್ಡು ಮುಂದಿಡಬೇಕು, ಎದುರಿನವನ ಮುಖ ಓದಬೇಕು. ಮಾತು ನುಗ್ಗಿಸಲು ಬೇಕಾದ ಸಂದು ಅಲ್ಲಿ ತಾನಾಗಿ ಸಿಗುತ್ತದೆ. ಆ ಕೆಲಸ ಮಾಡುವ ನಮ್ಮ ಆಟ ಮೂರೆಲೆ. ಒಂದೇ ಕಟ್ಟು ಸಾಕು, ಅರ್ಧ ನಿಮಿಷಕ್ಕೊಂದು ಸುತ್ತು ಮುಗಿಯುತ್ತದೆ. ಮೇಜಿನ ಸುತ್ತ ಆರು ಜನರನ್ನು ಸಮನಾಗಿ ಕೂರಿಸಬೇಡಿ. ಪ್ರೇಕ್ಷಕರ ಕಡೆಯ ಬದಿ ಖಾಲಿ ಬಿಟ್ಟು, ತುದಿಯ ಇಬ್ಬರನ್ನು ಮುಕ್ಕಾಲು ಪಾಲು ಎದುರಿಗೆ ತಿರುಗಿಸಿ.

ಎರಡನೆಯದು ತಿಂಡಿ. ಮೊದಲ ಅಂಕದಲ್ಲಿ ಆಸ್ಕರ್ ಗೆಳೆಯರಿಗೆ ಎರಡು ಬಣ್ಣದ ಸ್ಯಾಂಡ್‌ವಿಚ್ ತರುತ್ತಾನೆ, ಕಂದು ಮತ್ತು ಹಸಿರು. ಹಸಿರು ಯಾವುದೆಂದರೆ, ಒಂದೋ ತೀರಾ ಹೊಸ ಚೀಸು ಇಲ್ಲವೇ ತೀರಾ ಹಳೆಯ ಮಾಂಸ ಎನ್ನುವುದು ಅಲ್ಲಿನ ನಗು. ಇದನ್ನು ಪದಕ್ಕೆ ಪದ ಇಟ್ಟರೆ ನಮ್ಮಲ್ಲಿ ಸಪ್ಪೆ, ಏಕೆಂದರೆ ಹೊಸ ಚೀಸು, ಹಳೆಯ ಮಾಂಸದ ಬಣ್ಣ ನಮ್ಮ ಅಡುಗೆಮನೆಯ ಅನುಭವವಲ್ಲ. "ಒಂದೋ ಇವತ್ತಿನ ಪುದೀನ ಚಟ್ನಿ, ಇಲ್ಲಾಂದ್ರೆ ಹೋದ ವಾರದ ಕಾಯಿ ಚಟ್ನಿ" ಎಂದು ಹೇಳಿಸಿ ನೋಡಿ. ಹಸಿರು ಹಸಿರಾಗಿಯೇ ಉಳಿಯಿತು, ಗಾಬರಿ ನಮ್ಮದಾಯಿತು.

ಮೂರನೆಯ ಅಂಕದಲ್ಲಿ ಜಗಳದ ನಡುವೆ ಆಸ್ಕರ್ ಒಂದು ತಿನಿಸಿಗೆ ತಪ್ಪು ಹೆಸರು ಹೇಳುತ್ತಾನೆ. ಅಂಥ ಹೊತ್ತಲ್ಲೂ ಫೀಲಿಕ್ಸ್‌ಗೆ ಅದನ್ನು ತಿದ್ದದೆ ಇರಲಾಗುವುದಿಲ್ಲ. ಆಸ್ಕರ್ ತಟ್ಟೆಯನ್ನೇ ಅಡುಗೆಮನೆಯ ಗೋಡೆಗೆ ಎಸೆಯುತ್ತಾನೆ. ಇಲ್ಲಿ ಬೇಕಾದ್ದು ನೋಡಲು ಒಂದೇ, ಹೆಸರು ಬೇರೆ ಆಗಿರುವ ಎರಡು ತಿನಿಸು. "ಅದು ಶ್ಯಾವಿಗೆ ಅಲ್ಲ, ಒತ್ತುಶ್ಯಾವಿಗೆ!" ಎಂದು ಫೀಲಿಕ್ಸ್ ಕೂಗಲಿ. ನಮ್ಮ ಮನೆಗಳಲ್ಲಿ ಹಾಗೆ ತಿದ್ದುವವರು ಇದ್ದೇ ಇದ್ದಾರೆ. ಎಸೆಯುವ ತಟ್ಟೆ ವೇದಿಕೆಯ ಹೊರಗೆ, ಮರೆಯಲ್ಲಿ ಬೀಳಬೇಕು. ಅಲ್ಲಿ ದಪ್ಪ ಬೆಡ್‌ಶೀಟ್ ಹಿಡಿದು ಇಬ್ಬರು ನಿಲ್ಲಲಿ, ಸದ್ದಿಗೆ ಮೂರನೆಯವರು ಬೇರೊಂದು ಸ್ಟೀಲ್ ತಟ್ಟೆ ಬೀಳಿಸಲಿ. ಶ್ಯಾವಿಗೆ ವೇದಿಕೆಯ ಮೇಲೆ ಚೆಲ್ಲಿದರೆ ಮುಂದಿನ ದೃಶ್ಯದಲ್ಲಿ ಯಾರಾದರೂ ಜಾರಿ ಬೀಳುವುದು ಖಂಡಿತ, ಅದರಲ್ಲೂ ಎಣ್ಣೆ ಹಾಕಿದ್ದರೆ.

ಎರಡನೆಯ ಅಂಕದಲ್ಲಿ ಮೇಲಿನ ಮನೆಯ ಇಬ್ಬರು ಸೋದರಿಯರಿಗಾಗಿ ಮಾಡಿದ ಮಾಂಸದ ಅಡುಗೆ, ಆಸ್ಕರ್ ತಡವಾಗಿ ಬಂದದ್ದರಿಂದ ಒಲೆಯಲ್ಲೇ ಹಾಳಾಗುತ್ತದೆ. ನೀವು ಬಿಸಿಬೇಳೆಬಾತ್ ಇಟ್ಟಿದ್ದೀರಿ ಎಂದು ಪತ್ರದಲ್ಲಿದೆ. ಅದು ಕೆಲಸ ಮಾಡದು. ಬಾತ್ ಗಟ್ಟಿಯಾದರೆ ಒಂದು ಲೋಟ ಬಿಸಿನೀರು, ಒಂದು ಚಮಚ ತುಪ್ಪ ಹಾಕಿದರೆ ಸರಿಹೋಗುತ್ತದೆ ಎಂಬುದು ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಕೆಟ್ಟರೆ ಕೆಟ್ಟದ್ದೇ, ದುರಸ್ತಿಯಿಲ್ಲ ಎನ್ನುವಂಥ ಅಡುಗೆ ಬೇಕು. ತಳ ಹಿಡಿದು ಸೀದ ಪಾಯಸ ಒಳ್ಳೆಯ ಆಯ್ಕೆ. ಸೀದ ವಾಸನೆ ಇಡೀ ಪಾಯಸಕ್ಕೆ ಹತ್ತಿಬಿಡುತ್ತದೆ, ಏನು ಮಾಡಿದರೂ ಹೋಗದು.

ಫೀಲಿಕ್ಸ್ ಮನೆ ತುಂಬ ಚೀಟಿ ಅಂಟಿಸಿ ಕೆಳಗೆ ತನ್ನ ಹೆಸರಿನ ಮೊದಲಕ್ಷರ ಹಾಕುವ ಪ್ರಸಂಗವನ್ನು ನೀವು ಕೈಬಿಟ್ಟಿದ್ದೀರಿ. ಬಿಡಬೇಡಿ. ಇಂಗ್ಲಿಷಿನಲ್ಲಿ ಆ ಎರಡಕ್ಷರ, ಎಫ್.ಯು., ಬೈಗುಳದಂತೆ ಕಾಣುತ್ತದೆ, ಅದು ಗೆಳೆಯನ ಹೆಸರು ಎಂದು ಹೊಳೆಯಲು ಆಸ್ಕರ್‌ಗೆ ಗಂಟೆಗಳೇ ಬೇಕಾಗುತ್ತದೆ. ಊರು ಮತ್ತು ಹೆಸರಿನ ಮೊದಲಕ್ಷರ ಸೇರಿಸಿ ಬರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ನಿಮ್ಮ ಪಾತ್ರಕ್ಕೆ ಕೋಲಾರದ ತಿಮ್ಮಯ್ಯ ಎಂದು ಹೆಸರಿಡಿ. "ಹಾಲು ಮುಗಿದಿದೆ. — ಕೋ.ತಿ." ಉಳಿದದ್ದನ್ನು ಸಭೆಯೇ ನೋಡಿಕೊಳ್ಳುತ್ತದೆ.

ಆ ಸೋದರಿಯರು ಮೂಲದಲ್ಲಿ ಇಂಗ್ಲೆಂಡಿನವರು. ನೀವು ಅವರನ್ನು ಧಾರವಾಡದವರಾಗಿ ಮಾಡಿರುವುದು ಸರಿಯಾದ ದಾರಿ, ಆದರೆ ಅವರ ಭಾಷೆಯನ್ನೇ ನಗೆಯ ವಸ್ತು ಮಾಡಬೇಡಿ. ಮೂಲದಲ್ಲಿ ಅವರ ಉಚ್ಚಾರಣೆಗಿಂತ ಹೆಚ್ಚು ಕೆಲಸ ಮಾಡುವುದು ಫೀಲಿಕ್ಸ್‌ನ ಕಣ್ಣೀರು. ಆತ ಹೆಂಡತಿ ಮಕ್ಕಳ ಫೋಟೋ ತೋರಿಸಿ ಅತ್ತು ಅವರನ್ನೂ ಅಳಿಸಿಬಿಡುತ್ತಾನೆ, ಗಮ್ಮತ್ತಿನ ಸಂಜೆಗೆ ಕಾದಿದ್ದ ಆಸ್ಕರ್ ಅಡುಗೆಮನೆಯಿಂದ ಬಂದು ನೋಡಿದರೆ ಮೂವರೂ ಅಳುತ್ತಿದ್ದಾರೆ. ಧಾರವಾಡದ ಮಾತಿನ ಆಪ್ತತೆ ಆ ಅಳುವಿಗೆ ಇನ್ನಷ್ಟು ಇಂಬು ಕೊಡುತ್ತದೆ.

ಈ ಸೋದರಿಯರ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಬ್ರಾಡ್‌ವೇಗೆ ಮುಂಚೆ ಬಾಸ್ಟನ್‌ನಲ್ಲಿ ಪ್ರಾಯೋಗಿಕ ಪ್ರದರ್ಶನ ನಡೆಯುವಾಗ ಮೂರನೆಯ ಅಂಕ ಏಳುತ್ತಿರಲಿಲ್ಲ. ಅಲ್ಲಿನ ವಿಮರ್ಶಕ ಎಲಿಯಟ್ ನಾರ್ಟನ್, ಆ ಸೋದರಿಯರನ್ನು ಕೊನೆಯ ಅಂಕದಲ್ಲಿ ಮತ್ತೆ ಕರೆತರಬಾರದೇಕೆ ಎಂದು ಕೇಳಿದರು. ಸೈಮನ್ ಹಾಗೆಯೇ ತಿದ್ದಿ ಬರೆದರು, ಅಂಕ ಎದ್ದು ನಿಂತಿತು. ನೀವು ಸಮಯ ಉಳಿಸಲು ಅವರ ಎರಡನೆಯ ಪ್ರವೇಶ ಕತ್ತರಿಸಿದ್ದೀರಿ. ದಯವಿಟ್ಟು ವಾಪಸು ಹಾಕಿ.

ಪ್ರಶ್ನೆ: ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದ ಸಾಲು ಪ್ರದರ್ಶನದಲ್ಲಿ ತಣ್ಣಗಾಗುತ್ತದೆ. ಮರುದಿನ ಅದೇ ಸಾಲಿಗೆ ನಗು ಬರುತ್ತದೆ. ಇದಕ್ಕೆ ಲೆಕ್ಕಾಚಾರ ಇದೆಯೇ? — ನಿರ್ದೇಶಕಿ, ಜಯನಗರ

ಉತ್ತರ: ಇದೆ. ಮೊದಲು ಭಾಷೆಯಿಂದ ಶುರು ಮಾಡೋಣ, ಏಕೆಂದರೆ ಅನುವಾದಗಳು ಅಲ್ಲೇ ಸೋಲುತ್ತವೆ. ನಗಿಸುವ ಪದ ಸಾಲಿನ ಕೊನೆಯಲ್ಲಿರಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. "ಅವನು ಮದುವೆಗೆ ಉಪ್ಪಿನಕಾಯಿ ಜಾಡಿಯನ್ನು ಉಡುಗೊರೆಯಾಗಿ ಕೊಟ್ಟಿದ್ದಾನೆ" ಎಂದರೆ, ಉಪ್ಪಿನಕಾಯಿ ಕೇಳಿ ನಗು ಹೊರಡುವ ಹೊತ್ತಿಗೆ ಇನ್ನೂ ಮೂರು ಪದ ಬಾಕಿ. ಪ್ರೇಕ್ಷಕರು ಸಭ್ಯರು, ಮಾತು ಮುಗಿಯಲೆಂದು ನಗು ನುಂಗುತ್ತಾರೆ, ಆಮೇಲೆ ಅದು ಬರುವುದಿಲ್ಲ. "ಮದುವೆಗೆ ಅವನು ಕೊಟ್ಟಿದ್ದು, ಒಂದು ಜಾಡಿ ಉಪ್ಪಿನಕಾಯಿ" ಎಂದು ಮಗುಚಿ. ನಾಟಕದ ಇಡೀ ಪ್ರತಿಯನ್ನು ಕೈಯಲ್ಲಿ ಹಿಡಿದು, ನಗು ಬರಬೇಕಾದ ಪ್ರತಿ ಸಾಲಿನ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ಅಲ್ಲಿ 'ಆಗಿದೆ', 'ಇರುತ್ತದೆ', 'ಮಾಡುತ್ತಿದ್ದಾನೆ' ಇದ್ದರೆ ಆ ಸಾಲನ್ನು ಮತ್ತೆ ಬರೆಯಬೇಕು.

ಎರಡನೆಯದು ಚಲನೆ. ನಗಿಸುವ ಪದ ಬೀಳುವ ಕ್ಷಣದಲ್ಲಿ ವೇದಿಕೆಯ ಮೇಲೆ ಬೇರೆ ಯಾರೂ ಅಲುಗಾಡಬಾರದು. ಒಬ್ಬ ನಟ ಲೋಟ ಎತ್ತಿಕೊಂಡರೂ ಕಣ್ಣು ಅತ್ತ ಹೋಗುತ್ತದೆ, ಪದ ತಪ್ಪಿಹೋಗುತ್ತದೆ. ಒಂದು ದಿನ ಬಂದು ಮರುದಿನ ಬಾರದ ನಗುವಿಗೆ ಬಹುಪಾಲು ಇದೇ ಕಾರಣ. ಮುಂದಿನ ಕಾರಣ, ಹಿಂದಿನ ಸಾಲು ಕೇಳಿಸದೆ ಇರುವುದು. ನಗು ಸತ್ತರೆ ಎಲ್ಲರೂ ಆ ಸಾಲನ್ನೇ ಜೋರಾಗಿ ಹೇಳಲು ಹೋಗುತ್ತಾರೆ. ತಪ್ಪಿರುವುದು ಅದಕ್ಕೆ ನೆಲ ಹಾಕಿಕೊಟ್ಟ ಹಿಂದಿನ ಸಾಲಿನಲ್ಲಿ. ಅದನ್ನು ಎದುರು ನೋಡಿಕೊಂಡು, ನಿಧಾನವಾಗಿ, ಪೂರ್ತಿ ಹೇಳಿಸಿ.

ನಗು ಬಂದಮೇಲೆ ಎಷ್ಟು ಕಾಯಬೇಕು? ನಗು ಏರುತ್ತಿರುವಾಗ ಬಾಯಿ ತೆರೆಯಬೇಡಿ. ತುದಿ ಮುಟ್ಟಿ ಅರ್ಧಕ್ಕೆ ಇಳಿದಾಗ ಮುಂದಿನ ಮಾತು ಶುರು ಮಾಡಿ. ಪೂರ್ತಿ ಆರುವವರೆಗೆ ಕಾದರೆ ದೃಶ್ಯವೂ ಆರಿಹೋಗುತ್ತದೆ. ಮುನ್ನೂರು ಚಿಲ್ಲರೆ ಆಸನದ ರಂಗಶಂಕರದಲ್ಲಿ ನಗು ಒಮ್ಮೆಗೇ ಎದ್ದು ಬೇಗ ಇಳಿಯುತ್ತದೆ. ರವೀಂದ್ರ ಕಲಾಕ್ಷೇತ್ರದಷ್ಟು ದೊಡ್ಡ ಕಡೆ ಅದು ಮುಂದಿನಿಂದ ಹಿಂದಕ್ಕೆ ಅಲೆಯಂತೆ ಹೋಗುತ್ತದೆ, ಬಾಲ್ಕನಿಯವರು ಕೊನೆಗೆ ನಗುತ್ತಾರೆ, ಹಾಗಾಗಿ ಕಾಯುವ ಹೊತ್ತು ಹೆಚ್ಚು. ಸಣ್ಣ ಜಾಗದಲ್ಲಿ ತಾಲೀಮು ಮಾಡಿ ನೇರ ಕಲಾಕ್ಷೇತ್ರಕ್ಕೆ ಹೋದ ತಂಡಗಳು ತಮ್ಮದೇ ನಗುವನ್ನು ತುಳಿದುಹಾಕುವುದು ಇದರಿಂದಲೇ. ಕನ್ನಡ ನಟರಿಗೆ ಇಲ್ಲೊಂದು ಅನುಕೂಲವಿದೆ. ನಗುವಿನ ನಂತರದ ಮಾತನ್ನು 'ಅಲ್ಲಾ,', 'ನೋಡಪ್ಪ,', 'ಸರಿ ಬಿಡು,' ಎಂಬ ಪದದಿಂದ ಆರಂಭಿಸಿ. ಅದು ನಗುವಿನಲ್ಲಿ ಮುಳುಗಿದರೂ ನಷ್ಟವಿಲ್ಲ, ಸಭೆ ಕಿವಿಗೊಡುವಷ್ಟರಲ್ಲಿ ಮುಖ್ಯ ಮಾತು ಬಂದಿರುತ್ತದೆ.

ಪ್ರೇಕ್ಷಕರು ಕಡಿಮೆ ಇದ್ದ ದಿನ ಚದುರಿ ಕೂರಲು ಬಿಡಬೇಡಿ. ನಡುವಿನ ಮುಂದಿನ ಸಾಲುಗಳಲ್ಲಿ ಒತ್ತೊತ್ತಾಗಿ ಕೂರಿಸಿ. ಪಕ್ಕದ ಕುರ್ಚಿ ಖಾಲಿಯಿದ್ದವರು ನಗುವುದಿಲ್ಲ, ಹೆಚ್ಚೆಂದರೆ ಮುಗುಳ್ನಗುತ್ತಾರೆ.

ತಿದ್ದುವ ಕ್ರಮವನ್ನು ಸೈಮನ್ ಅವರಿಂದಲೇ ಕಲಿಯಬೇಕು. ನ್ಯೂಯಾರ್ಕಿಗೆ ಬರುವ ಮುನ್ನ ಬೇರೆ ಊರುಗಳಲ್ಲಿ ಆಡಿ, ಸಭಾಂಗಣದ ಹಿಂದೆ ನಿಂತು ಕೇಳಿ, ರಾತ್ರಿ ಕೂತು ಪುಟಗಳನ್ನೇ ಬದಲಿಸುತ್ತಿದ್ದರು. ನೀವು ಮೊದಲ ಮೂರು ಪ್ರದರ್ಶನಗಳನ್ನು ಕೊನೆಯ ಸಾಲಿನಲ್ಲಿಟ್ಟ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ. ಪ್ರತಿಯ ಅಂಚಿನಲ್ಲಿ ಪ್ರತಿ ಸಾಲಿಗೂ ಮೂರು ಗುರುತು ಹಾಕಿ: ಜೋರು ನಗು, ಸಣ್ಣ ನಗು, ಮೌನ. ಮೂರೂ ದಿನ ಮೌನವಾದ ಸಾಲಿಗೆ ಮೊದಲು ಹಿಂದಿನ ಸಾಲು ನೋಡಿ, ಆಮೇಲೆ ಚಲನೆ ನೋಡಿ, ಎರಡೂ ಸರಿಯಿದ್ದರೆ ಕತ್ತರಿಸಿ. ಇನ್ನೊಂದು ಬಗೆಯ ಸಾಲೂ ಕತ್ತರಿಗೆ ಹೋಗಬೇಕು. ಜೋರು ನಗು ತಂದು, ಅದರ ನಂತರದ ಗಂಭೀರ ಮಾತನ್ನು ಕೊಲ್ಲುವ ಸಾಲು. ಅದನ್ನು ಬಿಡಲು ಮನಸ್ಸು ಬಾರದು, ಆದರೂ ಬಿಡಬೇಕು.

ನಟರಿಗೆ ಒಂದೇ ಸೂಚನೆ: ತಮಾಷೆ ಮಾಡಲು ಹೋಗಬೇಡಿ. ಸೈಮನ್ನರ ಮೊದಲ ದೊಡ್ಡ ಗೆಲುವುಗಳನ್ನು ನಿರ್ದೇಶಿಸಿದ ಮೈಕ್ ನಿಕೋಲ್ಸ್, ಹಾಸ್ಯ ಎಂದು ಗೊತ್ತೇ ಇಲ್ಲದವರಂತೆ, ಗಂಭೀರ ನಾಟಕದ ಶ್ರದ್ಧೆಯಿಂದ ಆಡಿಸುತ್ತಿದ್ದರು. ಫೀಲಿಕ್ಸ್‌ಗೆ ತನ್ನ ಸೀದ ಅಡುಗೆ ನಿಜವಾದ ದುರಂತ. ಅವನು ಅದನ್ನು ಹಾಗೆ ಅನುಭವಿಸಿದಷ್ಟೂ ನಾವು ನಗುತ್ತೇವೆ.

ಪ್ರಶ್ನೆ: ಇಂಗ್ಲಿಷಿನಲ್ಲಿ 'ಕ' ಸದ್ದಿರುವ ಪದಗಳು ನಗು ತರುತ್ತವೆ ಎಂದು ಸೈಮನ್ ಹೇಳಿದ್ದಾರಂತೆ. ಕನ್ನಡಕ್ಕೂ ಅನ್ವಯಿಸುತ್ತದೆಯೇ? — ಓದುಗರು, ಬಸವನಗುಡಿ

ಉತ್ತರ: ಹೇಳುವುದು ಅವರ ಪಾತ್ರ. 1972ರ 'ದಿ ಸನ್‌ಶೈನ್ ಬಾಯ್ಸ್'ನಲ್ಲಿ ಹಳೆಯ ಹಾಸ್ಯನಟ ವಿಲ್ಲಿ, ತನ್ನ ನೆಂಟರ ಹುಡುಗನಿಗೆ ಯಾವ ಪದ ನಗಿಸುತ್ತದೆ, ಯಾವುದು ನಗಿಸದು ಎಂದು ಪಾಠ ಮಾಡುತ್ತಾನೆ. ಉಪ್ಪಿನಕಾಯಿಯ ಇಂಗ್ಲಿಷ್ ಹೆಸರು ನಗಿಸುತ್ತದೆ, ಟೊಮೇಟೊ ನಗಿಸದು.

ಕನ್ನಡದಲ್ಲಿ 'ಕ' ಎಲ್ಲೆಲ್ಲೂ ಇದೆ, ವಿಭಕ್ತಿಯಲ್ಲೇ ಇದೆ. ಅದಕ್ಕೆ ಕಚಗುಳಿಯ ಗುಣ ಉಳಿದಿಲ್ಲ. ನಮ್ಮಲ್ಲಿ ಆ ಕೆಲಸ ಮಾಡುವುದು ಟ, ಡ, ಳ ಮತ್ತು ಒತ್ತಕ್ಷರ, ಜೊತೆಗೆ ಉ ಅಥವಾ ಒ ಸ್ವರ: ಬೊಂಡ, ಬುರುಡೆ, ಡೊಳ್ಳು, ಟೊಣಪ, ಡಬ್ಬ. ಟಿ.ಪಿ. ಕೈಲಾಸಂ ಅವರ ನಾಟಕಗಳ ಹೆಸರುಗಳನ್ನೇ ಜೋರಾಗಿ ಹೇಳಿ ನೋಡಿ: 'ಟೊಳ್ಳುಗಟ್ಟಿ', 'ಪೋಲಿಕಿಟ್ಟಿ', 'ಬಂಡ್ವಾಳ್ವಿಲ್ಲದ ಬಡಾಯಿ'. ಪರದೆ ಏಳುವ ಮುಂಚೆಯೇ ಬಾಯಿಗೆ ಕೆಲಸ ಸಿಕ್ಕಿತು. ತರಕಾರಿಯೇ ಬೇಕಿದ್ದರೆ ಬದನೆಕಾಯಿ. 'ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ' ಎಂಬ ಗಾದೆಯಿಂದಾಗಿ ಅದಕ್ಕೆ ಬಳುವಳಿಯಾಗಿ ನಗು ಬಂದಿದೆ. ಇಂಗ್ಲಿಷಿಗೆ ಇಲ್ಲದ ಇನ್ನೊಂದು ಸಾಧನ ನಮ್ಮ ಗಿ-ಕಾರದ ಜೋಡುನುಡಿ. 'ಡೈವೋರ್ಸು ಗೀವೋರ್ಸು ಎಲ್ಲ ಬೇಡ' ಎಂದಾಗ ಆ ದೊಡ್ಡ ಪದ ಅರ್ಧ ಕುಗ್ಗಿಹೋಗುತ್ತದೆ. ಅಂಕಕ್ಕೆ ಒಂದೆರಡು ಸಲ ಬಳಸಿ. ಹೆಚ್ಚಾದರೆ ಪಾತ್ರಗಳೆಲ್ಲ ಒಂದೇ ಧ್ವನಿಯಲ್ಲಿ ಮಾತಾಡಿದಂತಾಗುತ್ತದೆ.

ಪ್ರಶ್ನೆ: 'ರೂಮರ್ಸ್' ಮಾದರಿಯ, ಬಾಗಿಲುಗಳು ಪಟಪಟ ಬಡಿಯುವ ನಾಟಕ ಮಾಡುತ್ತಿದ್ದೇವೆ. ಬಾಗಿಲು ಬಡಿದಾಗೆಲ್ಲ ಇಡೀ ಗೋಡೆ ನಡುಗುತ್ತದೆ. — ರಂಗಸಜ್ಜಿಕೆಯ ಹುಡುಗರು, ವಿಜಯನಗರ

ಉತ್ತರ: ಗೋಡೆ ನಡುಗಿದ ಕೂಡಲೇ ಆ ಮನೆ ಸುಳ್ಳಾಗುತ್ತದೆ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಸಾಮಾನ್ಯ ಫ್ಲ್ಯಾಟ್‌ಗೆ (ರಂಗದ ಮೇಲೆ ಗೋಡೆಯಾಗಿ ನಿಲ್ಲುವ, ಬಟ್ಟೆ ಹೊದಿಸಿದ ಚೌಕಟ್ಟು) 2×1 ಇಂಚಿನ ರೀಪರ್ ಸಾಕು, ಬಾಗಿಲು ಹೊರುವ ಫ್ಲ್ಯಾಟ್‌ಗೆ ಸಾಲದು. ಅಲ್ಲಿ 3×2 ಇಂಚಿನ ಮರ ಹಾಕಿ, ಬಟ್ಟೆಯ ಬದಲು ಪ್ಲೈವುಡ್ ಹೊಡೆಯಿರಿ. ಬಾಗಿಲು 7 ಅಡಿ ಎತ್ತರ, ಎರಡೂವರೆ ಅಡಿ ಅಗಲ ಇರಲಿ, ಕೀಲು ಎರಡಲ್ಲ, ಮೂರು. ಚೌಕಟ್ಟಿನ ಬುಡದಲ್ಲಿ ಎರಡು ಕಾಲುಗಳನ್ನೂ ಸೇರಿಸುವ ಚಪ್ಪಟೆ ಕಬ್ಬಿಣದ ಪಟ್ಟಿ ಕೂರಿಸಿ. ಇಲ್ಲವಾದರೆ ಸಾಗಿಸುವಾಗ ಚೌಕಟ್ಟು ಓರೆಯಾಗಿ, ಬಾಗಿಲು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಚೌಕಟ್ಟಿನ ಎರಡೂ ಬದಿಗೆ ತ್ರಿಕೋನದ ಆಸರೆ, ಪ್ರತಿಯೊಂದರ ಬುಡಕ್ಕೂ 20ರಿಂದ 25 ಕಿಲೋ ಮರಳು ಚೀಲ.

ಬಡಿದ ಬಾಗಿಲು ತಾನಾಗಿ ಮತ್ತೆ ತೆರೆದುಕೊಳ್ಳುವುದು ಇನ್ನೊಂದು ಕಾಟ. ಚಿಲಕ ನೆಚ್ಚಬೇಡಿ, ಬೀರುಗಳಿಗೆ ಹಾಕುವ ಮ್ಯಾಗ್ನೆಟ್ ಕ್ಯಾಚ್ ಎರಡು ಹಾಕಿ. ಬಾಗಿಲು ವೇದಿಕೆಯ ಹೊರಮುಖವಾಗಿ ತೆರೆಯಲಿ, ಕೀಲು ಪ್ರೇಕ್ಷಕರಿಂದ ದೂರದ ಬದಿಗಿರಲಿ. ಆಗ ಬರುವ ನಟನ ಮುಖ ಮೊದಲ ಹೆಜ್ಜೆಗೇ ಕಾಣುತ್ತದೆ. ಬಾಗಿಲ ಹಿಂದೆ ಗೋಡೆ ಬಣ್ಣದ ಮರೆ ಮತ್ತು ಸಣ್ಣ ದೀಪ ಇರದಿದ್ದರೆ ತೆರೆದಾಗೆಲ್ಲ ಕತ್ತಲ ಗುಂಡಿ ಕಾಣುತ್ತದೆ. ತಾಲೀಮಿನ ಎರಡನೆಯ ವಾರದಿಂದಲೇ ನಿಜವಾದ ಬಾಗಿಲು ಕೊಡಿ. ನೆಲಕ್ಕೆ ಟೇಪ್ ಅಂಟಿಸಿ ಅಭ್ಯಾಸ ಮಾಡಿದವರಿಗೆ ಬಾಗಿಲು ತೆರೆಯಲು ತಗಲುವ ಅರ್ಧ ಸೆಕೆಂಡಿನ ಲೆಕ್ಕವೇ ಸಿಕ್ಕಿರುವುದಿಲ್ಲ. ಅಂಥ ನಾಟಕ ನಿಂತಿರುವುದು ಆ ಅರ್ಧ ಸೆಕೆಂಡಿನ ಮೇಲೆಯೇ.

'ಬೇರ್‌ಫುಟ್ ಇನ್ ದಿ ಪಾರ್ಕ್' ಆಡುವವರೂ ಇದನ್ನು ಗಮನಿಸಿ. ಅದರಲ್ಲಿ ಲಿಫ್ಟಿಲ್ಲದ ಐದು ಮಹಡಿ ಹತ್ತಿ ಬಂದವರೆಲ್ಲ ಬಾಗಿಲಲ್ಲಿ ಏದುಸಿರು ಬಿಡುತ್ತಾರೆ. ಎಲ್ಲರೂ ಒಂದೇ ಥರ ಏದುಸಿರು ಬಿಟ್ಟರೆ ಎರಡನೆಯ ಸಲಕ್ಕೇ ಬೇಸರ. ಯಾರು ಗೋಡೆ ಹಿಡಿಯುತ್ತಾರೆ, ಯಾರು ಉಸಿರು ಬಚ್ಚಿಡಲು ಹೆಣಗುತ್ತಾರೆ, ಯಾರು ಮಾತಿನ ನಡುವೆ ನಿಲ್ಲುತ್ತಾರೆ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಗೊತ್ತುಮಾಡಿ.

ಪ್ರಶ್ನೆ: ಅನುಮತಿ ಬೇಕೇ? ಟಿಕೆಟ್ ಇಟ್ಟರೆ ಮಾತ್ರವೇ? — ಓದುಗರು, ರಾಜಾಜಿನಗರ

ಉತ್ತರ: ಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಲೆಕ್ಕ ಮುಂದಿನ ವರ್ಷದ ಆರಂಭದಿಂದ. ಸೈಮನ್ನರ ಕೃತಿಗಳಿಗೆ ಅದು 2078ರ ಕೊನೆಯವರೆಗೆ. ಅನುವಾದದ ಹಕ್ಕು ಬೇರೆ, ಪ್ರದರ್ಶನದ ಹಕ್ಕು ಬೇರೆ, ಎರಡನ್ನೂ ಕೇಳಬೇಕು. ಅವರ ನಾಟಕಗಳ ಪರವಾನಗಿ ಈಗ ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್ ಸಂಸ್ಥೆಯ ಬಳಿ ಇದೆ. ಅರ್ಜಿಯಲ್ಲಿ ಭಾಷೆ, ಸಭಾಂಗಣ, ಆಸನಗಳ ಸಂಖ್ಯೆ, ಪ್ರದರ್ಶನಗಳ ಸಂಖ್ಯೆ, ದಿನಾಂಕ, ಟಿಕೆಟ್ ದರ ಬರೆಯಿರಿ. ಮೇಲೆ ಹೇಳಿದ ಚಟ್ನಿ, ಕೋ.ತಿ. ಥರದ ಬದಲಾವಣೆಗಳಿಗೂ ಒಪ್ಪಿಗೆ ಬೇಕು, ಏಕೆಂದರೆ ಪರವಾನಗಿ ಇರುವುದು ಪಠ್ಯ ಬದಲಿಸದೆ ಆಡುವುದಕ್ಕೆ. ಬೆಂಗಳೂರಿಗೆ ಒಗ್ಗಿಸುತ್ತೇವೆ ಎಂದು ಮೊದಲ ಪತ್ರದಲ್ಲೇ ಹೇಳಿ, ಒಪ್ಪಿಗೆ ಬರಹದಲ್ಲಿ ಬಂದಮೇಲೆ ಸಭಾಂಗಣ ಕಾಯ್ದಿರಿಸಿ. ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನಕ್ಕೆ, ಕಾಲೇಜಿನ ಒಳಗಿನ ಪ್ರದರ್ಶನಕ್ಕೆ ನಮ್ಮ ಕಾಯ್ದೆಯಲ್ಲಿ ಸೀಮಿತ ವಿನಾಯಿತಿಗಳಿವೆ. ಆದರೆ ಕಾಲೇಜಿನದಾದರೆ ಪ್ರೇಕ್ಷಕರು ವಿದ್ಯಾರ್ಥಿ, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಸಾರ್ವಜನಿಕರನ್ನು ಕರೆದರೆ ಆ ವಿನಾಯಿತಿ ಹೋಯಿತು.

ಹಣ ಹೊಂದಿಸಲಾಗದ ತಂಡಗಳಿಗೆ ಒಂದು ದಾರಿ. ಸೈಮನ್ನರ 'ದಿ ಗುಡ್ ಡಾಕ್ಟರ್' ರಷ್ಯಾದ ಕಥೆಗಾರ ಚೆಕಾಫ್ ಅವರ ಕಥೆಗಳ ಮೇಲೆ ನಿಂತದ್ದು. ಚೆಕಾಫ್ ತೀರಿಕೊಂಡದ್ದು 1904ರಲ್ಲಿ, ಮೂಲ ಕಥೆಗಳು ಮುಕ್ತ. ಸೈಮನ್ನರ ರೂಪವನ್ನು ಮುಟ್ಟದೆ, ನೇರ ಕಥೆಗಳಿಂದ ನಿಮ್ಮದೇ ನಾಟಕ ಮಾಡಬಹುದು. ಇತ್ತೀಚಿನ ಅನುವಾದಗಳಿಗೆ ಅನುವಾದಕರ ಹಕ್ಕು ಇರುತ್ತದೆ ಎಂಬುದೊಂದು ಎಚ್ಚರ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳೂ ಈಗ ಮುಕ್ತ.

ಪ್ರಶ್ನೆ: ಅವರ ನಾಟಕಗಳಲ್ಲಿ ಹೆಂಗಸರಿಗೆ ಕೆಲಸವೇ ಇಲ್ಲ ಎನಿಸುತ್ತದೆ. — ನಟಿ, ಜೆ.ಪಿ. ನಗರ

ಉತ್ತರ: ಅರವತ್ತರ ದಶಕದ ನಾಟಕಗಳ ಮಟ್ಟಿಗೆ ನಿಮ್ಮ ಮಾತು ನಿಜ. 'ಆಡ್ ಕಪಲ್'ನಲ್ಲಿ ಎಂಟರಲ್ಲಿ ಆರು ಗಂಡಸರು, ಹೆಂಡತಿಯರು ಫೋನಿನ ಆಚೆ ಉಳಿಯುತ್ತಾರೆ. 1985ರಲ್ಲಿ ಅವರೇ ಅದರ ಹೆಂಗಸರ ರೂಪ ಬರೆದರು. ಆದರೆ ನಿಮಗೆ ಓದಲು ಹೇಳುವುದು 'ಲಾಸ್ಟ್ ಇನ್ ಯಾಂಕರ್ಸ್'. 1942ರ ಕಾಲ. ಮಿಠಾಯಿ ಅಂಗಡಿ ನಡೆಸುವ ಕಠೋರ ಅಜ್ಜಿ, ಮಗುವಿನ ಮನಸ್ಸಿನ ಮೂವತ್ತೈದರ ಮಗಳು ಬೆಲ್ಲಾ, ಅಲ್ಲಿ ಬಿಟ್ಟುಹೋದ ಇಬ್ಬರು ಮೊಮ್ಮಕ್ಕಳು. ತನಗೂ ಗಂಡ, ಮಕ್ಕಳು ಬೇಕು ಎಂದು ಬೆಲ್ಲಾ ಇಡೀ ಕುಟುಂಬದ ಮುಂದೆ ಕೇಳುವ ದೃಶ್ಯ ಸೈಮನ್ ಬರೆದುದರಲ್ಲೇ ಶ್ರೇಷ್ಠ ಎಂಬುದು ನಮ್ಮ ಅಭಿಪ್ರಾಯ. ಆ ದೃಶ್ಯದಲ್ಲಿ ಮೊದಲು ನಗು ಬರುತ್ತದೆ, ಒಂದು ಪುಟ ಕಳೆಯುವಷ್ಟರಲ್ಲಿ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಅಜ್ಜಿಯ ಪಾತ್ರ ಮಾಡುವವರು ಅವಳನ್ನು ರಾಕ್ಷಸಿಯಾಗಿ ಆಡುವ ತಪ್ಪು ಮಾಡುತ್ತಾರೆ. ಅವಳು ತನ್ನ ಮಕ್ಕಳಲ್ಲಿ ಇಬ್ಬರನ್ನು ಕಳೆದುಕೊಂಡವಳು, ಮತ್ತೆ ನೋಯಬಾರದೆಂದು ಕಲ್ಲಾದವಳು. ಅವಳ ಕೋಲಿನ ಸದ್ದು ಮೆಲ್ಲಗಿದ್ದಷ್ಟೂ ಭಯ ಹೆಚ್ಚು.

ಪ್ರಶ್ನೆ: ನಾವು ನಾಲ್ವರೇ ಇದ್ದೇವೆ, ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಯಾವುದು ಆಡಬಹುದು? — ಓದುಗರು, ಯಲಹಂಕ

ಉತ್ತರ: 'ಚಾಪ್ಟರ್ ಟೂ' ನಿಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ವೇದಿಕೆಯ ಮೇಲೆ ಇಬ್ಬರ ಎರಡು ಮನೆ ಅಕ್ಕಪಕ್ಕ ಇರಬೇಕು, ಫೋನ್ ಸಂಭಾಷಣೆಗಳು ಹೆಚ್ಚು. ದೀಪವಿನ್ಯಾಸ ಮಾಡುವವರು ಮೊದಲ ವಾರದಿಂದಲೇ ಜೊತೆಗಿರಲಿ. ಅಷ್ಟು ಉದ್ದ ಬೇಡವೆಂದರೆ 'ಪ್ಲಾಜಾ ಸ್ವೀಟ್'ನ ಮೂರನೆಯ ಭಾಗ ನೋಡಿ. ಮದುವೆಯ ದಿನ ಮಗಳು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಿದ್ದಾಳೆ, ಅಪ್ಪ ಅಮ್ಮ ಹೊರಗೆ. ಅದನ್ನು ಹೋಟೆಲಿನಿಂದ ನಮ್ಮ ಮದುವೆ ಛತ್ರದ ವಧುವಿನ ಕೋಣೆಗೆ ತರಲು ಒಪ್ಪಿಗೆ ಸಿಕ್ಕರೆ ಬೇರೇನೂ ಬದಲಿಸಬೇಕಿಲ್ಲ. ಭಾರ ಹೊರುವವರು ಅಪ್ಪ ಅಮ್ಮ ಇಬ್ಬರೇ, ಉಳಿದ ಇಬ್ಬರಿಗೆ ವಧೂವರರ ಚಿಕ್ಕ ಪಾತ್ರಗಳು. ಬಚ್ಚಲ ಬಾಗಿಲನ್ನು ಮಾತ್ರ ಮೇಲೆ ಹೇಳಿದ ಅಳತೆಯಲ್ಲಿ, ಇನ್ನೊಂದು ಮರಳು ಚೀಲ ಹೆಚ್ಚು ಹಾಕಿ ಕಟ್ಟಿ; ಅಪ್ಪ ಅದಕ್ಕೆ ಹೆಗಲು ಕೊಟ್ಟು ಗುದ್ದುತ್ತಾನೆ.